ಉದ್ದಪ್ಪನ ಶನಿವಾರದ ಲೋಟ

ಮೊಸರಿನಲ್ಲಿ ಕಲ್ಲು ಹುಡುಕುವವಳು ರಾಯವ್ವ. ಗಂಡ ಉದ್ದಪ್ಪ ಬೆಳಗಾವಿಯ ದಂಡಿನ ಮೆಸ್ಸಿನಲ್ಲಿ ಹದಿನೆಂಟು ವರ್ಷ ಸಾಹೇಬರ ಲೋಟ ತುಂಬಿ, ಪೆನ್ಶನ್ ಹಿಡಿದು ತನ್ನೂರು ಹತ್ತರಗಿಗೆ ಬಂದಾಗಿನಿಂದ ಅವಳ ಕಣ್ಣು ಅವನ ಬೆನ್ನ ಮೇಲೆಯೇ. ಶನಿವಾರ ಬಂತೆಂದರೆ ಮನೆಯಲ್ಲಿ ಒಂದು ಲಿಂಬೆಹಣ್ಣು, ಒಂದು ಮೊಟ್ಟೆ ಮಾಯ. ಮಧ್ಯಾಹ್ನ ಅವನು ಕೊಟ್ಟಿಗೆ ಹೊಕ್ಕು ಅಗಳಿ ಹಾಕಿಕೊಳ್ಳುವನು. ಲಿಂಬೆ, ಮೊಟ್ಟೆ, ಅದೂ ಶನಿವಾರ! ಮಾಟ ಮಾಡುವವರಿಗೆ ಇನ್ನೇನು ಬೇಕು?

ಸಂಶಯ ಅವಳೊಬ್ಬಳದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಪಕ್ಕದ ಮನೆಯ ಕಾಶೆವ್ವನ ಮೊಮ್ಮಗನಿಗೆ ಎಂಟು ದಿನದಿಂದ ಜ್ವರ. ಇವರ ತಿಪ್ಪೆಯಲ್ಲಿ ಹಿಂಡಿದ ಲಿಂಬೆ, ಮೊಟ್ಟೆಯ ಓಡು ಕಂಡ ಕಾಶೆವ್ವ ಓಣಿಗೆಲ್ಲ ಸಾರಿ ಬಂದಿದ್ದಳು. ಮಾಟಗಾರರೆಂದು ಒಮ್ಮೆ ಹೆಸರು ಬಿದ್ದರೆ ಊರ ಬಾವಿಗೆ ಕೊಡ ಇಳಿಸಲೂ ಬಿಡರು.

ಆ ಶನಿವಾರ ರಾಯವ್ವ ಕೊಟ್ಟಿಗೆಯ ಕಿಂಡಿಗೆ ಕಣ್ಣಿಟ್ಟಳು. ಉದ್ದಪ್ಪ ಮೇವಿನ ಸಂದಿಯಿಂದ ಬಾಟಲಿ ತೆಗೆದ. ಗಿಂಡಿಗೆ ಕಾಲು ಲೋಟ ರಮ್ ಸುರಿದು, ಲಿಂಬೆ ಹಿಂಡಿ, ಬೆಲ್ಲದ ಪಾಕ ಬಿಟ್ಟ. ಮೊಟ್ಟೆಯ ಹಳದಿ ಬೇರ್ಪಡಿಸಿ ಬಿಳಿಯನ್ನಷ್ಟೇ ಸೇರಿಸಿ, ಗಿಂಡಿಯ ಬಾಯಿ ಮುಚ್ಚಿ ಗಡಗಡ ಕುಲುಕಿದ. ಲೋಟಕ್ಕೆ ಬಗ್ಗಿಸಿದಾಗ ಮೇಲೆ ಹಾಲಿನಂಥ ನೊರೆ ಬಂತು.

ರಾಯವ್ವ ಬಾಗಿಲು ಬಡಿದು ತೆಗೆಸಿದಳು. "ಇದೇನ್ರಿ ಇದು?"

"ರಮ್ಮಿನ ಶರಬತ್ತ. ಮೆಸ್ಸಿನ್ಯಾಗ ಸಾಹೇಬ್ರಿಗೆ ಮಾಡಿ ಕೊಡತಿದ್ದೆ. ಕೈಗೆ ರೂಢಿ ಆಗೇತಿ. ವಾರಕ್ಕ ಒಂದರ ಮಾಡದಿದ್ರ ಜೀವ ನಿಲ್ಲೂದಿಲ್ಲ. ಲಾರಿ ದೋಸ್ತ ಬಾಟಲಿ ತಂದು ಕೊಡ್ತಾನ."

ಮಾಟವಲ್ಲವೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಭಯ ಹಿಡಿಯಿತು. ಅದು ದಾರೂಬಂದಿಯ ಕಾಲ, ಸರಕಾರ ಕುಡಿತವನ್ನೇ ನಿಷೇಧಿಸಿತ್ತು. ರಮ್ ಎಂದು ಹೇಳಿದರೆ ಪೊಲೀಸ್ ಫೌಜದಾರ ಬರುತ್ತಾನೆ, ಪೆನ್ಶನ್ ಹೋಗುತ್ತದೆ. ಸುಮ್ಮನಿದ್ದರೆ ಮಾಟದ ಹೆಸರು. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಕಾಶೆವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅಂಗಳಕ್ಕೇ ಬಂದಳು. "ಹೊರಗ ಬಾರೋ ಉದ್ದಪ್ಪ! ನನ್ನ ಕೂಸಿಗೆ ಏನ್ ಮಾಡೀದಿ?"

ರಾಯವ್ವ ಗಂಡನ ಕೈಯಿಂದ ಲೋಟ ಕಸಿದು ಹೊರಗೆ ಬಂದಳು.

"ನೋಡ್ರಿ, ನೀವು ಅನ್ನೂ ಲಿಂಬಿ, ತತ್ತಿ ಎಲ್ಲಾ ಇದರಾಗ ಐತಿ. ಇವರ ಸೊಂಟನೋವಿನ ಔಷಧ. ಮಾಟ ಇದ್ರ ಮೊದಲ ನನಗ ಬಡೀಲಿ!"

ಒಂದೇ ಉಸಿರಿಗೆ ಎತ್ತಿ ಕುಡಿದಳು. ಗಂಟಲು ಉರಿಯಿತು, ಮುಖ ಕಿವುಚಲಿಲ್ಲ. ಹೆಂಗಸರು ಅವಳು ಬೀಳುವುದನ್ನೇ ಕಾದರು. ಬೀಳಲಿಲ್ಲ.

"ನಿಂತು ನನ್ನ ಮಾರಿ ನೋಡಬ್ಯಾಡ ಕಾಶೆವ್ವ. ಕೂಸಿನ್ನ ಹುಕ್ಕೇರಿ ದವಾಖಾನಿಗೆ ಒಯ್ಯಿ," ಎಂದಳು. ಔಷಧದ ಘಾಟೆಂದು ಕಾಶೆವ್ವ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದಳು, ಉಳಿದವರೂ ಕರಗಿದರು.

ರಾಯವ್ವ ಕಟ್ಟೆಯ ಮೇಲೆ ಕೂತಳು. ಉದ್ದಪ್ಪ ಬಾಗಿ, ಎರಡೂ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ಬೆನ್ನು ತೋರಿಸದೆ ಮೂರು ಹೆಜ್ಜೆ ಹಿಂದೆ ಹೋಗಿ ನೆಟ್ಟಗೆ ನಿಂತ. ಮುಂದಿನ ಹುಕುಮಿಗೆ ಕಾಯುತ್ತ ನಿಂತೇ ಇದ್ದ. ಎಲ್ಲದರ ಮೇಲೂ ಸಂಶಯಪಟ್ಟವಳಿಗೆ, ಹದಿನೆಂಟು ವರ್ಷ ಅವನು ಸಾಹೇಬರ ಮುಂದೆ ಹೀಗೇ ನಿಂತಿದ್ದನೆಂಬುದೊಂದು ಹೊಳೆದಿರಲಿಲ್ಲ.

"ನಾ ಏನ್ ನಿಮ್ಮ ಸಾಹೇಬನಾ? ಬರ್ರಿ, ನನ್ನ ಬಾಜೂ ಕುಂದರ್ರಿ."

ಉದ್ದಪ್ಪನಿಗೆ ಕೂರಲು ಬಹಳ ಹೊತ್ತು ಹಿಡಿಯಿತು.