ಅಣ್ಣ ತಂದ ಹಸಿರು ಬಳೆ

ಆಗ ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಸಹಾಯಕಿಯಾಗಿದ್ದೆ. ಪ್ರಯೋಗಗಳಿಗೆ ಬೇಕಾದ ಗಾಜಿನ ಕೊಳವೆಗಳನ್ನು ಉರಿಯಲ್ಲಿ ಹಿಡಿದು ಬಗ್ಗಿಸಿ ಕೊಡುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಗಾಜು ಮೆತ್ತಗಾಗಿ ಬೆಲ್ಲದ ಪಾಕದ ಹಾಗೆ ಜೋಲುವುದನ್ನು ದಿನವೂ ನೋಡುತ್ತಿದ್ದೆ. ಅದರಿಂದ ಮಣಿ ಮಾಡಬಹುದು ಎಂದು ತಿಳಿದದ್ದು ಮಾತ್ರ ಹಾವೇರಿಯಲ್ಲಿ ನಡೆದ ಒಂದು ಪ್ರದರ್ಶನದಲ್ಲಿ. ಉತ್ತರದ ಕಡೆಯಿಂದ ಬಂದ ಮುದುಕನೊಬ್ಬ ಅಲ್ಲಿ ಸಣ್ಣ ಉರಿಯ ಮುಂದೆ ಕುಳಿತು, ಕರಗಿದ ಗಾಜನ್ನು ಕಬ್ಬಿಣದ ಕಡ್ಡಿಗೆ ಸುತ್ತಿ ತಿರುವುತ್ತಿದ್ದ. ಅವನ ಭಾಷೆ ನನಗೆ ಅರ್ಧ ತಿಳಿಯುತ್ತಿತ್ತು. ಎರಡು ದಿನ ರಜೆ ಹಾಕಿ ಅವನ ಎದುರು ನಿಂತು ಕಲಿತೆ.

ಮನೆಯ ಹಿತ್ತಲಿನ ತಗಡಿನ ಚಪ್ಪರದಡಿ ನನ್ನದೇ ಒಂದು ಮೂಲೆ ಮಾಡಿಕೊಂಡೆ. ಕೆಲಸ ಬಿಟ್ಟಿದ್ದ ನಮ್ಮ ಓಣಿಯ ಪತ್ತಾರ, ಚಿನ್ನ ಬೆಸೆಯುವ ತನ್ನ ಹಳೆಯ ಬರ್ನರನ್ನೂ ಕಾಲಿನಿಂದ ಒತ್ತುವ ತಿದಿಯನ್ನೂ ಕೊಟ್ಟ. ಸೈಕಲ್ಲಿನ ಕಡ್ಡಿಗೆ ಜೇಡಿಮಣ್ಣು ಬಳಿದು ಒಣಗಿಸಿದರೆ ಮಣಿ ಕಡ್ಡಿಗೆ ಅಂಟಿಕೊಳ್ಳದೆ ಜಾರಿ ಬರುತ್ತಿತ್ತು. ಮಾಡಿದ ಮಣಿಯನ್ನು ಬಿಸಿ ಬೂದಿಯಲ್ಲಿ ಹುಗಿದು ಮೆಲ್ಲಗೆ ಆರಲು ಬಿಡಬೇಕು. ಲಗೂ ಹೊರಗೆ ತೆಗೆದರೆ ಟಪ್ಪೆಂದು ಸೀಳಿಹೋಗುತ್ತದೆ. ಗಾಜು ಎಲ್ಲಿಂದ ತರುವುದು ಎನ್ನುವ ಚಿಂತೆ ಇರಲಿಲ್ಲ. ಬಳೆ ಅಂಗಡಿಯವರು ಒಡೆದ ಬಳೆಗಳನ್ನು ಚೀಲಗಟ್ಟಲೆ ಪುಕ್ಕಟೆ ಕೊಡುತ್ತಿದ್ದರು. ಕಾಲೇಜಿನ ಮೇಡಮ್ಮುಗಳ ಕಿವಿಯಲ್ಲಿ, ನೆರೆಮನೆಯ ಹುಡುಗಿಯರ ಕೊರಳಲ್ಲಿ ನನ್ನ ಮಣಿಗಳು ಆಡತೊಡಗಿದವು. ನನಗೆ ಅಷ್ಟೇ ಸಾಕಾಗಿತ್ತು.

ಆ ವರ್ಷವೇ ಅಣ್ಣ ಹೋದ. ಬ್ಯಾಡಗಿಯಲ್ಲಿ ಅವ್ವನ ಜೊತೆಗಿದ್ದ ಅವನದು ಪಂಪ್‌ಸೆಟ್ಟು ಮೋಟಾರುಗಳ ರಿಪೇರಿ ಅಂಗಡಿ. ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದು ರಿಪೇರಿಗೆ ಹೋದವನು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕ. ಬಡಿಸಿಟ್ಟ ತಾಟು ಮುಚ್ಚಿಟ್ಟಂತೆಯೇ ಇತ್ತು. ಗಂಡಸರು ಅವನನ್ನು ಒಯ್ದು ಸುಟ್ಟು ಬಂದರು. ಅವನ ಹೆಂಡತಿಯ, ಅಂದರೆ ನಮ್ಮ ವೈನಿಯ ಕೈಬಳೆಗಳನ್ನು ಒಡೆದವಳು ನನ್ನ ಅವ್ವ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು, ಗಂಡ ಸತ್ತವರೇ ಮಾಡುವ ಆ ಕೆಲಸಕ್ಕೆ ಮನೆಯಲ್ಲಿ ಅವಳೇ ಹಿರಿಯಳು. ಅವಳು ಕಲ್ಲು ಎತ್ತಿದ್ದನ್ನು ಕಂಡು ನಾನು ಮುಖ ಆಚೆ ತಿರುಗಿಸಿದೆ. ಅವ್ವನ ಮೇಲೆ ಆವತ್ತು ಹುಟ್ಟಿದ ಸಿಟ್ಟನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬಿಡಲೂ ಇಲ್ಲ.

ಎಂಟು ತಿಂಗಳ ಮೇಲೆ ವೈನಿ ಒಬ್ಬಳೇ ರಾಣೆಬೆನ್ನೂರಿಗೆ ಬಂದಳು. ಚಹಾ ಕುಡಿದು, ಚೀಲದಿಂದ ಕರವಸ್ತ್ರದ ಗಂಟು ತೆಗೆದು ನನ್ನ ಮುಂದೆ ಬಿಚ್ಚಿದಳು. ಒಳಗೆ ಬಂಗಾರದ ಬಣ್ಣದ ಚುಕ್ಕೆಗಳಿದ್ದ ಹಸಿರು ಬಳೆಯ ಚೂರುಗಳು.

"ಇವನ್ನ ಮಣಿ ಮಾಡಿ ಕೊಡವಾ," ಎಂದಳು.

"ಯಾವು ವೈನಿ ಇವು?"

"ನನ್ನವು. ಆವತ್ತಿನವು."

ಚಹಾದ ಬಟ್ಟಲು ನನ್ನ ಕೈಯಲ್ಲೇ ನಿಂತಿತು. ಅಂಥ ಚೂರುಗಳನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮುಟ್ಟುವುದಕ್ಕೂ ಹಿಂಜರಿಯುತ್ತಾರೆ. ವಿಜ್ಞಾನದ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಕೂಡ ಎರಡು ಹೆಜ್ಜೆ ಹಿಂದೆ ಸರಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

"ಎಲ್ಲಿದ್ದುವ್ರಿ ಇಷ್ಟ ದಿನ?"

"ಅಡಗಿಮನಿ ನಾಗಂದಿಗಿ ಮ್ಯಾಲೆ, ಹಳೇ ಬಿಸ್ಕೀಟ ಡಬ್ಬ್ಯಾಗ. ಯಾರೋ ಹೊಳೀಗೆ ಬಿಡಬೇಕಂತ ಇಟ್ಟು ಮರತಿರಬೇಕು. ಸ್ವಚ್ಛ ಮಾಡೂವಾಗ ಸಿಕ್ಕುವು. ನನಗ ಒಗ್ಯಾಕ ಮನಸಾಗಲಿಲ್ಲ." ಅವಳು ತನ್ನ ಬರಿಗೈಗಳನ್ನು ನೋಡಿಕೊಂಡಳು. "ಕೈಗೆ ಹಾಕ್ಕೋಬಾರದು ಅಂತಾರ. ಕೊಳ್ಳಿಗೆ ಮಣಿ ಹಾಕ್ಕೋಬ್ಯಾಡ ಅಂತ ಯಾರೂ ಹೇಳಿಲ್ಲ."

ಅವಳ ಧೈರ್ಯಕ್ಕೆ ನಾನು ಬೆರಗಾದೆ. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ನಿಜ ಹೇಳಬೇಕೆಂದರೆ, ಅವ್ವ ಒಡೆದದ್ದನ್ನು ನಾನು ಕೂಡಿಸುತ್ತೇನೆ ಎಂಬ ಹಟವೂ ಒಳಗಿತ್ತು.

ಮೊದಲನೆಯ ಚೂರನ್ನು ಉರಿಗೆ ಹಿಡಿದ ಕೂಡಲೇ ಸಿಡಿದು ನನ್ನ ಕೆನ್ನೆಗೆ ಬಡಿಯಿತು. ಅವಸರದಲ್ಲಿ, ಬಿಸಿ ಮಾಡದೆಯೇ ನೇರ ಉರಿಯ ನಡುವಿಗೆ ಒಡ್ಡಿಬಿಟ್ಟಿದ್ದೆ. ಆಮೇಲೆ ಸಾವಕಾಶವಾಗಿ ದೂರದಿಂದ ಕಾಯಿಸುತ್ತ ಹತ್ತಿರ ತಂದೆ. ಬಂಗಾರದ ಚುಕ್ಕೆಗಳು ಮೊದಲು ಕಪ್ಪಾದವು, ಮತ್ತೆ ಹೊಗೆಯಾಗಿ ಹೋದವು. ಹಸಿರು ಮಾತ್ರ ಉಳಿಯಿತು. ಎರಡು ಭಾನುವಾರ ಕುಳಿತು ಹತ್ತೊಂಬತ್ತು ಮಣಿ ಮಾಡಿದೆ. ಒಂದು ಚೂರನ್ನೂ ಉಳಿಸಲಿಲ್ಲ. ಗಟ್ಟಿ ನೈಲಾನ್ ದಾರಕ್ಕೆ ಪೋಣಿಸಿ ವೈನಿಗೆ ಕಳಿಸಿದೆ.

ಮುಂದಿನ ವಾರ ನಾನು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಸೀಸನ್ನು. ಬಸ್ಸಿಳಿದವಳು ಮನೆಯವರೆಗೂ ಸೀನುತ್ತಲೇ ನಡೆದೆ. ಅವ್ವ ಅಂಗಳದಲ್ಲಿ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ವೈನಿ ಒಳಗಿನಿಂದ ನೀರು ತಂದಳು. ಅವಳ ಕೊರಳಲ್ಲಿ ಮಣಿಸರ, ನಾನು ಬರುವ ದಿನವೆಂದು ಮೊದಲ ಸಲ ಹಾಕಿಕೊಂಡದ್ದು. ಮುಚ್ಚಿಕೊಂಡಿರಲಿಲ್ಲ, ಸೆರಗಿನ ಮೇಲೆಯೇ ಇತ್ತು.

ಅವ್ವ ತಲೆ ಎತ್ತಿದಳು. "ಚಂದ ಅದಾವು. ಯಾ ಅಂಗಡೀವು?"

ವೈನಿ ಸುಳ್ಳು ಹೇಳಲಿಲ್ಲ. "ಅಂಗಡೀವಲ್ರಿ ಅತ್ತೀ. ನನ್ನ ಬಳೀವು. ನಿಮ್ಮ ಮಗಳು ಕರಗಿಸಿ ಮಾಡಿಕೊಟ್ಟಾಳ."

ಈಗ ಬಂತು ಎಂದು ನಾನು ಸೆಟೆದು ನಿಂತೆ. ಗಂಡ ಸತ್ತವಳಿಗೆ ಇದೆಲ್ಲ ಬೇಕಾ, ಓಣಿಯವರು ಏನಂದಾರು, ಎಂದು ಅವ್ವ ಶುರುಮಾಡಿದರೆ ಹೇಳಬೇಕಾದ ಉತ್ತರಗಳನ್ನು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅವ್ವ ಅದೇನೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಡಬ್ಬಿಗಳನ್ನು ಸರಿಸುವ ಸಪ್ಪಳ ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಬಿಸ್ಕೀಟಿನ ಡಬ್ಬಿ ಇತ್ತು, ಮುಚ್ಚಳ ತೆಗೆದದ್ದು, ಖಾಲಿ.

"ಇದರಾಗಿನವೇನ?" ಎಂದಳು.

"ಹೂಂರಿ," ಎಂದಳು ವೈನಿ.

ಅವ್ವ ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತಳು. ನನ್ನ ಕಡೆ ನೋಡಿದಳು. "ಬೆಂಕ್ಯಾಗ ಹಾಕಿದ್ಯಾ? ಎಲ್ಲಾನೂ?"

"ಹೂಂ ಅವ್ವಾ. ಯಾಕ?"

"ನಾ ಇಟ್ಟಿದ್ದೆ ಅವನ್ನ. ದಿನಾ ಈಕಿ ಏಳೂಕಿಂತ ಮೊದಲ ತಗದು ನೋಡತಿದ್ದೆ, ಈ ಕಾಯಿ ಸುಗ್ಗಿ ಸುರುವಾದ ಮ್ಯಾಲೆ ಆಗಿರಲಿಲ್ಲ. ಹಾವೇರಿಂದ ತಂದಿದ್ದ ಅಂವ. ಹುಟ್ಟಿದಾಗಿಂದ ಒಂದ ದಿನಾನೂ ಬಳೀ ಅಂಗಡಿ ಮೆಟ್ಟಲಾ ಹತ್ತಿದಾಂವ ಅಲ್ಲ. ಅಳತಿ ಗೊತ್ತಾಗದ ಸಣ್ಣವ ತಂದಿದ್ದ. ಸಾಬಾಣ ಹಚ್ಚಿ ಈಕಿ ಕೈಗೆ ನಾನ ಏರಿಸಿದ್ದೆ. ಅಂವ ಅಲ್ಲೆ ನಿಂತು ನಗಾಕತ್ತಿದ್ದ." ಅವ್ವನ ದನಿ ಏರಲೇ ಇಲ್ಲ. "ನಾಲ್ಕ ದಿನಕ್ಕ ನಾನ ಒಡದೆ."

ಹಳೆಯ ಕಟ್ಟಳೆಯನ್ನು ಮುರಿಯುತ್ತಿದ್ದೇನೆ ಎಂದುಕೊಂಡು ನಾನು ಸುಟ್ಟದ್ದು, ಮಗನ ನೆನಪಿಗೆ ಅವ್ವ ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದ ಒಂದೇ ವಸ್ತುವನ್ನು. ಅವಳು ಹಾಗೆ ಏನನ್ನಾದರೂ ಇಟ್ಟುಕೊಂಡಿರಬಹುದು ಎಂಬ ಯೋಚನೆಯೇ ನನಗೆ ಒಮ್ಮೆಯೂ ಬಂದಿರಲಿಲ್ಲ.

ವೈನಿ ಅಳತೊಡಗಿದಳು. ಆದರೂ ಅಂದಳು: "ನನ್ನ ಕೈಯಾಗಿನ ಬಳಿ ಅತ್ತೀ. ನಾ ಯಾರನ್ನ ಕೇಳಬೇಕಿತ್ರಿ?"

"ಕೈ ನಿಂದವಾ. ತಂದಾಂವ ನನ್ನ ಮಗ."

ಇಬ್ಬರದೂ ಖರೆ ಇತ್ತು. ಅವ್ವ ಡಬ್ಬಿಯನ್ನು ಕೆಳಗಿಟ್ಟು ನನ್ನನ್ನು ಕೇಳಿದಳು, "ತಿರುಗಿ ಬಳಿ ಮಾಡಾಕ ಬರತೈತೇನ?" ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದಳು. ಬರುವುದಿಲ್ಲ ಎಂದೆ. ಚುಕ್ಕೆಗಳು ಹೊಗೆಯಾಗಿ ಹೋದದ್ದನ್ನು ಹೇಳುವ ಧೈರ್ಯ ಆಗಲಿಲ್ಲ.

ರಾಣೆಬೆನ್ನೂರಿಗೆ ಮರಳಿ ಬರ್ನರನ್ನು ಗೋಣಿಯಲ್ಲಿ ಸುತ್ತಿಟ್ಟೆ. ಅವ್ವ ಮೂರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ವೈನಿ ಎಸ್‌ಟಿಡಿ ಬೂತಿನಿಂದ ಆಗಾಗ ಫೋನು ಮಾಡಿ ಮನೆಯ ಸುದ್ದಿ ಹೇಳುತ್ತಿದ್ದಳು. ಒಂದು ಸಲ ಅವಳು ಸರವನ್ನು ಬಿಚ್ಚಿ ಅದೇ ಡಬ್ಬಿಯಲ್ಲಿ ಹಾಕಿ ನಾಗಂದಿಗೆಯ ಮೇಲೆ ಇಟ್ಟಳಂತೆ. ಮರುದಿನ ಅದು ಅವಳ ದಿಂಬಿನ ಹತ್ತಿರ ಇತ್ತಂತೆ. "'ಡಬ್ಬ್ಯಾಗ ಇಡಾಕ ಮಾಡಿಸಿದಿಯೇನ? ಹಾಕ್ಕೋ' ಅಂದ್ರು ಅತ್ತಿ. ಆದ್ರ ನನ್ನ ಕೊಳ್ಳಿನ ಕಡೆ ನೋಡಂಗಿಲ್ಲ," ಎಂದಳು.

ಒಂದು ಭಾನುವಾರ ಮುಂಜಾನೆ ಬಾಗಿಲು ತೆಗೆದರೆ ಅವ್ವ ನಿಂತಿದ್ದಳು. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಕಾಲಿಗೆ ನೀರು ಕೊಟ್ಟೆ. ಕುಳಿತುಕೊಳ್ಳಲಿಲ್ಲ.

"ಅದು ಹೆಂಗ ಕರಗತೈತಿ, ತೋರಸು," ಎಂದಳು.

ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಣಿ ಬಿಚ್ಚಿದೆ. ಅಂಗಡಿಯವರು ಕೊಟ್ಟ ಚೂರುಗಳ ಚೀಲದಿಂದ ಅವಳೇ ಒಂದು ಹಸಿರು ತುಂಡನ್ನು ಆರಿಸಿ ಕೊಟ್ಟಳು. ನಾನು ತಿದಿ ಒತ್ತುತ್ತ ಅದನ್ನು ಉರಿಗೆ ಹಿಡಿದೆ. ತುದಿ ಕೆಂಪಾಯಿತು, ದುಂಡಗಾಯಿತು. ಅವ್ವ ಕಣ್ಣು ಮಿಟುಕಿಸದೆ ಬಗ್ಗಿ ನೋಡುತ್ತಿದ್ದಳು.

"ನಿಮ್ಮಣ್ಣನ್ನ ಒಯ್ದಾಗ ನನ್ನ ಬಾಗಲಾ ದಾಟಾಕ ಬಿಡಲಿಲ್ಲ," ಎಂದಳು. "ಬೆಂಕಿ ಹೆಂಗ ಹತ್ತಿತು, ಎಷ್ಟೊತ್ತಿಗೆ ಆರಿತು, ಯಾರೂ ನನಗ ಹೇಳಲಿಲ್ಲ. ಕೇಳಿದ್ರ, ಹೆಂಗಸರಿಗೆ ಯಾಕ ಬೇಕು ಅಂದ್ರು."

ನನ್ನ ಕಾಲು ತಿದಿಯ ಮೇಲೆ ನಿಂತುಬಿಟ್ಟಿತು. ಗಾಳಿ ಸಾಲದೆ ಉರಿ ಹಳದಿಯಾಗಿ ಮಸಿ ಕಾರತೊಡಗಿತು.

"ಯಾಕ ನಿಲ್ಲಿಸಿದಿ? ತಿರುವು. ಕೆಡತೈತಿ ಅದು."

ತಿರುವಿದೆ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ, ಆದರೂ ಕೈ ತನ್ನಷ್ಟಕ್ಕೆ ತಿರುವಿತು. ಮಣಿಯನ್ನು ಬೂದಿಯಲ್ಲಿ ಹುಗಿದೆ. ಆರುವವರೆಗೂ ಅವ್ವ ಅಲ್ಲಿಂದ ಕದಲಲಿಲ್ಲ. ರೊಟ್ಟಿಯನ್ನೂ ಅಲ್ಲೇ ತರಿಸಿಕೊಂಡು ತಿಂದಳು. ಕೊನೆಗೆ ಮಣಿಯನ್ನು ತೆಗೆದು, ತೊಳೆದು, ಬಿಸಿಲಿಗೆ ಹಿಡಿದು ನೋಡಿ, "ಚಲೋ ಆಗೈತಿ," ಎಂದು ನನ್ನ ಕೈಗೆ ಕೊಟ್ಟು ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು. ಮುಂದಿನ ವಾರದಿಂದ ಮೊದಲಿನ ಹಾಗೆಯೇ ಫೋನಿನಲ್ಲಿ ಮಾತಾಡತೊಡಗಿದಳು. ಕ್ಷಮಿಸಿದಳೋ ಇಲ್ಲವೋ, ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಮತ್ತೆ ಮಣಿ ಮಾಡತೊಡಗಿದೆ. ಮನೆಯ ಬಳೆ ಚೂರುಗಳನ್ನು ಯಾರಾದರೂ ತಂದರೆ ಮೊದಲು ಕೂಡ್ರಿಸಿ ಕೇಳುತ್ತೇನೆ. ಒಮ್ಮೆ ಮೇಡ್ಲೇರಿಯಿಂದ ಒಬ್ಬ ಹೆಂಗಸು ತನ್ನ ತೀರಿಹೋದ ಅಕ್ಕನ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ಮನ್ಯಾಗ ಎಲ್ಲಾರಿಗೂ ಗೊತ್ತೈತೇನ್ರಿ?" ಎಂದು ಕೇಳಿದೆ. "ಅಕ್ಕನ ಮಗಳನ್ನ ಕೇಳಿಲ್ಲರಿ. ಕೇಳ್ಕೊಂಡ ಬರತೇನಿ," ಎಂದು ಗಂಟು ಕಟ್ಟಿಕೊಂಡು ಹೋದವಳು ಮತ್ತೆ ಬರಲಿಲ್ಲ.