ಪಂಜದ ಮಾಷ್ಟ್ರ ಪುಡಿ

ನನ್ನ ಹೊಟ್ಟೆ ಮುಟ್ಟಿ ನೋಡುವ ಮೊದಲು ಪಂಜದ ಮಾಷ್ಟ್ರು ಬಿಸಿ ಗಂಜಿಯ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕೈ ಕಾಯಿಸಿಕೊಳ್ಳುತ್ತಿದ್ದರು. ತಣ್ಣನೆಯ ಕೈ ತಾಗಿದರೆ ಕರುಳು ಹೆದರುತ್ತದಂತೆ. ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು ಅವರೇ. ನಿವೃತ್ತಿಯ ಬಳಿಕ ಪಂಜದ ಮನೆಯಲ್ಲಿ ನಾರುಬೇರಿನ ಮದ್ದು ಕೊಡುತ್ತಿದ್ದರು.

ಕರುಳಿನ ಹುಣ್ಣಿನಿಂದ ರಕ್ತ ಹೋಗಿ, ಕುಂಬ್ರದ ನನ್ನ ಚಪ್ಪಲಿ ಅಂಗಡಿಯಲ್ಲಿ ನೆಟ್ಟಗೆ ಕೂರಲಾಗದ ಕಾಲ ಅದು. ಆಸ್ಪತ್ರೆಯವರು ಸ್ಟಿರಾಯ್ಡ್ ಎಂದ ಕೂಡಲೇ ಹೆದರಿ ಓಡಿಬಂದವನು ನಾನು. ಮಾಷ್ಟ್ರು ಬೈಯಲಿಲ್ಲ. "ಹೊಟ್ಟೆಗೆ ಅದರದ್ದೇ ನರಗಳು ಉಂಟು ಮಾರಾಯ. ಅದರ ಪಕ್ಕದಲ್ಲೇ ರೋಗ ತಡೆಯುವ ಕಾವಲಿನವರು. ನರ ಗಾಬರಿಯಾದ್ರೆ ಅವ್ರು ಸ್ವಂತ ಮನೆಗೇ ಹೊಡೀತಾರೆ. ನೀನು ಮೊದಲು ನಿಧಾನಕ್ಕೆ ಉಣ್ಣು," ಎಂದು ಎದುರು ಕೂರಿಸಿ ಗಂಜಿ ಉಣ್ಣಿಸಿ, ಆಮೇಲೆ ಹಸಿರು ಪುಡಿ ಕಟ್ಟಿಕೊಟ್ಟರು. ವಾರದಲ್ಲಿ ರಕ್ತ ನಿಂತಿತು. ಮಗ ಉಳಿದನೆಂದು ಉಮ್ಮ ಪ್ರತಿ ನಮಾಜಿನ ಬಳಿಕವೂ ಅವರಿಗಾಗಿ ದುಆ ಮಾಡತೊಡಗಿದಳು.

ಪುಡಿ ಬಿಡದೆ ತಿಂದ ಮೂರನೆಯ ವರ್ಷ ಮುಖ ಊದಿತು. ಚಪ್ಪಲಿಯ ಪೆಟ್ಟಿಗೆ ಎತ್ತಿದ್ದಕ್ಕೇ ಬೆನ್ನುಮೂಳೆ ಬಿರುಕುಬಿಟ್ಟಿತು. ಮಂಗಳೂರಿನ ವೈದ್ಯೆಯೊಬ್ಬರು ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಸೊಪ್ಪಿನ ಜೊತೆ ಅರೆದು ಹಾಕಿದ್ದು ಸ್ಟಿರಾಯ್ಡ್ ಮಾತ್ರೆ. ಮುಖ ಊದಿದ್ದೂ ಮೂಳೆ ಸವೆದದ್ದೂ ಅದರಿಂದಲೇ. ಹಾಗಾದರೆ ನರದ ಕಥೆಯೂ ಸುಳ್ಳೇ ಎಂದು ಕೇಳಿದೆ.

"ಅದು ನಿಜವೇ. ಕರುಳಿನ ನರಗಳು ರೋಗ ತಡೆಯುವ ಕೋಶಗಳಿಗೆ ಸೂಚನೆ ಕೊಡ್ತವೆ. ಉರಿಯೂತ ಏರಿಸ್ಲಿಕ್ಕೂ ಇಳಿಸ್ಲಿಕ್ಕೂ ಅವಕ್ಕೆ ಆಗ್ತದೆ. ಆದ್ರೆ ನಿಮ್ಮ ರಕ್ತ ನಿಲ್ಲಿಸಿದ್ದು ಮಾತ್ರೆ," ಎಂದರು ವೈದ್ಯೆ.

ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಮಾಷ್ಟ್ರು ನಿಜ ಹೇಳಿಯೇ ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಪಂಜಕ್ಕೆ ಹೋದೆ.

"ಹೌದು, ಹಾಕಿದ್ದೆ," ಎಂದರು ಮಾಷ್ಟ್ರು, ಕಣ್ಣು ತಗ್ಗಿಸದೆ. "ಹೇಳಿದ್ರೆ ನೀನು ಹೆದರ್ತಿದ್ದಿ. ಹೆದರಿದ್ರೆ ಹೊಟ್ಟೆ ಮತ್ತೆ ಕೆಡ್ತಿತ್ತು. ಅದಕ್ಕೇ ಹೇಳ್ಲಿಲ್ಲ."

"ನನ್ನ ಬೆನ್ನಿಗೆ ಎಂತ ಹೇಳ್ತೀರಿ ಮಾಷ್ಟ್ರೆ?"

ಗಂಜಿ ಉಂಡು ಹೋಗು ಎಂದರು. ಉಣ್ಣದೆ ಬಂದೆ. ಮತ್ತೆ ಆ ದಾರಿ ಹಿಡಿಯಲಿಲ್ಲ.

ಸರಿಯಾದ ಚಿಕಿತ್ಸೆಯಿಂದ ಹೊಟ್ಟೆ ಹತೋಟಿಗೆ ಬಂದು ಎರಡು ವರ್ಷವಾಗಿತ್ತು. ಮೊನ್ನೆ ಅಂಗಡಿಗೆ ಬಂದ ಪಂಜದವರೊಬ್ಬರು ಚಪ್ಪಲಿ ಹಾಕಿ ನೋಡುತ್ತಾ, "ನಿಮ್ಮ ಮಾಷ್ಟ್ರು ತೀರಿಹೋದ್ರಲ್ಲ," ಎಂದರು. ಮಾಷ್ಟ್ರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಹೌದಾ ಎಂದು ಇನ್ನೊಂದು ಜೋಡಿ ತೆಗೆದು ತೋರಿಸಿದೆ. ಸಂಜೆಯೊಳಗೆ ಹೊಟ್ಟೆ ಹಿಂಡಿತು, ಮತ್ತೆ ರಕ್ತ ಕಂಡಿತು. ನನಗೆ ಮೋಸ ಮಾಡಿದವರಿಗಾಗಿ ನನ್ನ ಕರುಳು ನನ್ನನ್ನು ಕೇಳದೆಯೇ ನೊಂದುಕೊಂಡಿತ್ತು.