ಬೆಲ್ಲದ ಅಚ್ಚಿಗೆ ಚುಚ್ಚಿದ ಊದುಬತ್ತಿ

ನಾನು ಕಾಯುವ ಕಟ್ಟಡಕ್ಕೆ ಕಿಟಕಿಗಳಿಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕ, ಗದ್ದೆಗಳ ನಡುವೆ, ಬಿಳಿ ಬಣ್ಣ ಬಳಿದ ದೊಡ್ಡ ಪೆಟ್ಟಿಗೆಯಂತೆ ನಿಂತಿದೆ. ಬಸ್ಸಿನಲ್ಲಿ ಹೋಗುವವರು ಅದನ್ನು ಯಾವುದೋ ಗೋಡೌನು ಅಂದುಕೊಳ್ಳುತ್ತಾರೆ. ಒಳಗಿರುವುದು ಬೀರುಗಳಂಥ ಕಬ್ಬಿಣದ ಗೂಡುಗಳಲ್ಲಿ ಜೋಡಿಸಿಟ್ಟ ಕಂಪ್ಯೂಟರುಗಳು. ಅಂಗಡಿಯವರು, ಶಾಲೆಯವರು, ಆಸ್ಪತ್ರೆಯವರು ತಮ್ಮ ವೆಬ್‌ಸೈಟುಗಳನ್ನು ಅವುಗಳಲ್ಲಿ ಬಾಡಿಗೆಗೆ ಇಟ್ಟಿರುತ್ತಾರೆ. ಆ ಕಂಪ್ಯೂಟರುಗಳು ಬಿಸಿಯಾಗಬಾರದು, ಒಂದು ಗಳಿಗೆಯೂ ನಿಲ್ಲಬಾರದು. ಇದನ್ನೆಲ್ಲ ನನಗೆ ತಿಳಿಸಿಕೊಟ್ಟವಳು ನನ್ನ ತಂಗಿ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅವಳು ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿ ಟೆಕ್ನಿಷಿಯನ್ ಆಗಿದ್ದಳು. ಗೇಟು ಕಾಯುವ ಕೆಲಸವನ್ನು ನನಗೆ ಕೊಡಿಸಿದವಳೂ ಅವಳೇ.

ಮೊದಲ ದಿನ ಅವಳು ನನ್ನನ್ನು ಬಾಗಿಲ ಮುಂದೆ ನಿಲ್ಲಿಸಿ ಪಾಠ ಹೇಳಿದ್ದಳು.

"ಇಲ್ಲಿ ಎರಡು ಬಾಗ್ಲು ಅವೆ ಅಣ್ಣ. ಒಂದು ಮುಚ್ಕಳೋಗಂಟ ಇನ್ನೊಂದು ತೆಗ್ಯಲ್ಲ. ಒಂದು ಕಾರ್ಡಿಗೆ ಒಬ್ರೇ. ಒಬ್ರ ಇಂದೆ ಇನ್ನೊಬ್ರು ನುಗ್ಗಂಗಿಲ್ಲ. ನೀನಂತೂ ಮೊದಲ್ನೆ ಬಾಗ್ಲು ದಾಟಂಗೇ ಇಲ್ಲ."

"ದ್ಯಾವ್ರು ಬಂದ್ರೆ?"

"ದ್ಯಾವ್ರೂವೆ ರಿಜಿಸ್ಟ್ರಲ್ಲಿ ಸೈನ್ ಆಕ್ಲಿ ಕಣಣ್ಣ."

ನಾವಿಬ್ಬರೂ ವೈದ್ಯನಾಥಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಮಧ್ಯಾಹ್ನ ಅವಳು ಸ್ವೆಟರ್ ಹಾಕಿಕೊಂಡೇ ಹೊರಗೆ ಬಂದು ಗೇಟಿನ ಪಕ್ಕದ ನನ್ನ ಕಾವಲು ಗೂಡಿನಲ್ಲಿ ಕುಳಿತು ಉಣ್ಣುತ್ತಿದ್ದಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಅವಳ ಕೈ ಮಂಜಿನಂತೆ ತಣ್ಣಗಿರುತ್ತಿತ್ತು. ಒಳಗೆ ಹೇಗಿದೆ ಎಂದು ಕೇಳಿದರೆ ನಗುತ್ತಿದ್ದಳು. "ಏನಿಲ್ಲ, ಗುಯ್ ಅಂತವೆ ಅಷ್ಟೆ. ಒಬ್ರೂ ಮಾತಾಡಕ್ಕೆ ಸಿಕ್ಕಲ್ಲ."

ಆ ವರ್ಷ ಆಯುಧಪೂಜೆಗೆ ಮ್ಯಾನೇಜರು ಮುಂಚೆಯೇ ನೋಟೀಸು ಹಾಕಿಸಿದ್ದರು. ಪೂಜೆ ಏನಿದ್ದರೂ ಗೇಟಿನಲ್ಲಿ ಮತ್ತು ಜನರೇಟರಿನ ಹತ್ತಿರ ಮಾತ್ರ, ಒಳಗೆ ಹೊಗೆ ಕೂಡದು. ನಾನು ಬೆಳಿಗ್ಗೆಯೇ ಗೇಟಿಗೆ, ಜನರೇಟರಿಗೆ, ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಕೂಡ ಚೆಂಡುಹೂವಿನ ಸರ ಕಟ್ಟಿದೆ. ಜನರೇಟರ್ ನೋಡಿಕೊಳ್ಳುವವನು ಕೆಳಗೆ ನಿಂತು ನಗುತ್ತಿದ್ದ.

"ಏನ್ಲಾ, ಕ್ಯಾಮೆರಾಕ್ಕೆ ಮದ್ವೆ ಮಾಡ್ತಿದ್ದೀಯಾ? ಕಣ್ಣೇ ಮುಚ್ಚೋಯ್ತಲ್ಲಲಾ!"

"ಬುಡ್ಲಾ, ವರ್ಸೆಲ್ಲ ನೋಡ್ತದೆ. ಒಂದಿನ ರಜ ತಕ್ಕಳ್ಳಿ."

ಆಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಯಾರೂ ನಂಬದಿದ್ದರೂ ಹೇಳುತ್ತೇನೆ.

ಹನ್ನೊಂದರ ಸುಮಾರಿಗೆ ತಂಗಿ ಹೊರಗೆ ಬಂದು ಪುರಿ, ಬಾಳೆಹಣ್ಣು ತಿಂದಳು. ಕೊರಳಿನ ಕಾರ್ಡಿಗೆ ಕುಂಕುಮ ತಾಗೀತೆಂದು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ನೋಡ್ಕಂಡಿರಣ್ಣ, ಊರಿಗೊಂದು ಫೋನ್ ಮಾಡ್ಕಂಡು ಬತ್ತೀನಿ" ಎಂದು ಕಟ್ಟಡದ ಹಿಂದಿನ ಹೊಂಗೆ ಮರದ ಕಡೆ ಹೋದಳು.

ನಮ್ಮಪ್ಪ ಕಿರುಗಾವಲಿನ ಹತ್ತಿರ ಒಂದು ಆಲೆಮನೆಯಲ್ಲಿ ಒಲೆಗೆ ಉರಿ ಹಾಕುತ್ತಿದ್ದವನು. ಆಯುಧಪೂಜೆಯ ದಿನ ಗಾಣ, ಕೊಪ್ಪರಿಗೆ, ಕೊನೆಗೆ ಮಡ್ಡಿ ತೆಗೆಯುವ ಜಾಲರಿಗೂ ಕುಂಕುಮ ಹಚ್ಚುತ್ತಿದ್ದ. ಎಲ್ಲರೂ ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿದರೆ ಅವನು ಬೆಲ್ಲದ ಅಚ್ಚಿಗೆ ಚುಚ್ಚುತ್ತಿದ್ದ. "ಅನ್ನ ಕೊಡೋ ಸಾಮಾನು ಒಂದನ್ನೂ ಬುಡಬಾರ್ದು" ಅನ್ನುತ್ತಿದ್ದ. ತಂಗಿಗೆ ಅನ್ನ ಕೊಡುವ ಯಂತ್ರಗಳು ಕುಂಕುಮವಿಲ್ಲದೆ ಒಳಗೆ ಕುಳಿತಿದ್ದವು. ಅವಳಿಗೆ ಕೆಟ್ಟದ್ದಾಗಬಾರದು ಎನ್ನುವುದು ಒಂದು ಕಾರಣ. ಅವಳು ದಿನವೆಲ್ಲ ಇರುವ ಜಾಗವನ್ನು ಒಮ್ಮೆ ನೋಡಬೇಕು ಎನ್ನುವ ಆಸೆ ಅದಕ್ಕಿಂತ ದೊಡ್ಡ ಕಾರಣ.

ಬಾಗಿಲಲ್ಲಿ ಬೆರಳಿಟ್ಟು ಗುರುತು ತೋರಿಸುವ ಯಂತ್ರ ಎರಡು ದಿನದಿಂದ ಕೆಟ್ಟಿತ್ತು, ಕಾರ್ಡೊಂದೇ ಸಾಕಾಗಿತ್ತು. ನಾನು ಅವಳ ಕಾರ್ಡು ಹಿಡಿದು ಎರಡೂ ಬಾಗಿಲು ದಾಟಿದೆ. ಎಡಗಡೆಗೆ ಬ್ಯಾಟರಿಗಳ ಕೋಣೆ. ಕರೆಂಟು ಹೋದರೆ ಜನರೇಟರು ಶುರುವಾಗುವವರೆಗೆ ಇಡೀ ಕಟ್ಟಡವನ್ನು ಹಿಡಿದಿಡುವುದು ಅವೇ. ಒಬ್ಬರೂ ಇರಲಿಲ್ಲ. ಬ್ಯಾಟರಿಗಳ ಕಪಾಟಿಗೆ ಕುಂಕುಮವಿಟ್ಟೆ. ಬೆಲ್ಲದ ಅಚ್ಚಿಗೆ ಊದುಬತ್ತಿ ಚುಚ್ಚಿ, ಪಕ್ಕದಲ್ಲಿ ಕರ್ಪೂರ ಹಚ್ಚಿ, ಅವಳ ಹೆಸರು ಹೇಳಿ ಕೈ ಮುಗಿದು ಹೊರಗೆ ಬಂದೆ. ಅವಳು ವಾಪಸು ಬರುವಾಗ ಕಾರ್ಡು ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಕೊರಳಿಗೆ ಹಾಕಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗೆ ಅಪಾಯದ ಗಂಟೆ ಬಡಿಯಿತು. ಲಾರಿಯ ಟೈರು ಸಿಡಿದಂಥ ಸದ್ದಾಯಿತು. ಹೊಗೆ ಕಂಡರೆ ಬೆಂಕಿ ಆರಿಸಲು ತಾನಾಗಿಯೇ ಗ್ಯಾಸು ಬಿಡುವ ವ್ಯವಸ್ಥೆ ಅಲ್ಲಿತ್ತು. ಗ್ಯಾಸು ಬಿಟ್ಟ ಕೂಡಲೇ ಆ ಕೋಣೆಯ ಕರೆಂಟನ್ನೂ ಕಡಿಯುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಂಪ್ಯೂಟರುಗಳಿಗೆ ಕರೆಂಟು ಹೋಗುತ್ತಿದ್ದುದು ಆ ಕೋಣೆಯ ಮೂಲಕವೇ, ಎಲ್ಲವೂ ನಿಂತವು. ಸಂಜೆಯವರೆಗೆ ಎಲ್ಲೆಲ್ಲಿಯವರೋ ಫೋನು ಮಾಡಿ ಬೈದರು.

ಸಂಜೆ ಮ್ಯಾನೇಜರು ನಮ್ಮನ್ನು ಕರೆಸಿದರು. ಅವರ ಮೇಜಿನ ಮೇಲೆ ಬೆಲ್ಲದ ಅಚ್ಚು, ಅದರಲ್ಲಿ ಸುಟ್ಟು ಉಳಿದ ಕಡ್ಡಿ.

"ಬಾಗಿಲ ದಾಖಲೆಯಲ್ಲಿ ನಿನ್ನ ಕಾರ್ಡೇ ಇದೆಯಲ್ಲಮ್ಮ. ಕ್ಯಾಮೆರಾದಲ್ಲಿ ನೋಡಿದರೆ ಬರೀ ಚೆಂಡುಹೂವು. ಕಾರ್ಡನ್ನ ಯಾರಿಗಾದರೂ ಕೊಟ್ಟಿದ್ದೆಯಾ?"

ಅವಳು ಬೆಲ್ಲವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಣ್ಣು ಕೀಳಲಿಲ್ಲ. ಆ ಹೊತ್ತು ನನ್ನದಾಗಿತ್ತು. ಬಾಯಿ ತೆರೆಯಬೇಕಾದವನು ನಾನು. ನಾನು ಕಂಕುಳಿನಲ್ಲಿದ್ದ ರಿಜಿಸ್ಟರನ್ನು ಬಿಡಿಸಿ, ಅದರಲ್ಲಿ ಏನೋ ಹುಡುಕುವವನಂತೆ ನಿಂತೆ.

"ಇಲ್ಲ ಸಾರ್. ನನ್ನತ್ರಾನೇ ಇತ್ತು" ಅಂದಳು.

"ಗೇಟಲ್ಲಿ ನೀನೇನಾದ್ರೂ ನೋಡಿದ್ಯೇನಪ್ಪ?"

"ಇಲ್ಲ ಸಾರ್" ಅಂದೆ.

ಇಬ್ಬರ ಕೆಲಸವೂ ಹೋಗುವುದಕ್ಕಿಂತ ಒಬ್ಬರದಾದರೂ ಉಳಿಯಲಿ ಎಂದು ಸುಮ್ಮನಿದ್ದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಮಾರನೆಯ ದಿನ ಅವಳನ್ನು ಕೆಲಸದಿಂದ ತೆಗೆದರು. ಬಿಟ್ಟು ಹೋಗುವವರ ಕಾರ್ಡನ್ನು ಗೇಟಿನವನೇ ವಾಪಸು ತೆಗೆದುಕೊಂಡು ಸೈನ್ ಹಾಕಿಸಬೇಕೆಂಬುದು ಅಲ್ಲಿನ ನಿಯಮ. ಕಾರ್ಡನ್ನು ನನ್ನ ಕೈಗೇ ಕೊಟ್ಟಳು. "ಎಲ್ಲಿ ಆಕ್ಲಿ?" ಎಂದು ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅವಳು ಅಣ್ಣ ಎನ್ನಲಿಲ್ಲ.

ಈಗ ಅವಳು ಮಂಡ್ಯದಲ್ಲಿ ಒಂದು ಅಂಗಡಿಯಲ್ಲಿ ಪ್ರಿಂಟರು ರಿಪೇರಿ ಮಾಡುತ್ತಾಳೆ. ವೈದ್ಯನಾಥಪುರದ ಕೋಣೆಯಲ್ಲಿ ನಾನೊಬ್ಬನೇ. ನೆಂಟರ ಮನೆಯಲ್ಲಿ ಸಿಕ್ಕಿದರೆ ನನ್ನ ಎಲೆಗೂ ಬಡಿಸಿ ಮುಂದಕ್ಕೆ ಹೋಗುತ್ತಾಳೆ. ಕಟ್ಟಡದ ಒಳಗೂ ಜನ ಕಡಿಮೆಯಾಗಿದ್ದಾರೆ, ಎಷ್ಟೋ ಕೆಲಸವನ್ನು ಬೇರೆ ಊರಿನಲ್ಲಿ ಕುಳಿತೇ ಮಾಡುತ್ತಾರಂತೆ. ಕೆಲವು ದಿನ ರಿಜಿಸ್ಟರಿನಲ್ಲಿ ದಿನಾಂಕ ಬಿಟ್ಟರೆ ಬರೆಯಲು ಏನೂ ಇರುವುದಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಗೋಡೆಯ ಆಚೆ ಕಂಪ್ಯೂಟರುಗಳು ಗುಯ್ಯೆನ್ನುವುದು ಕೇಳುತ್ತದೆ. ಅವಳು ಹೇಳಿದ್ದು ನಿಜ, ಅಷ್ಟು ಬಿಟ್ಟರೆ ಏನಿಲ್ಲ.

ಈ ಸಲ ಆಯುಧಪೂಜೆ ಮುಗಿದ ಮೇಲೆ ಹೊಸ ಮ್ಯಾನೇಜರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿದರು.

"ಆಗಿನ ದಾಖಲೆಯೇ ಉಳಿದಿಲ್ಲವಲ್ಲ. ಈಗ ಯಾಕೆ ಇದೆಲ್ಲ?"

"ಬರ್ಕೊಡ್ತೀನಿ ಸಾರ್."

"ಕೊಡಿ, ಮೇಲಕ್ಕೆ ಕಳಿಸ್ತೀನಿ. ನನ್ನ ಕೈಲಿ ಏನೂ ಇಲ್ಲ."

ಎರಡು ಹಾಳೆ ಬರೆದೆ. ಜೆರಾಕ್ಸ್ ಮಾಡಿಸಿ ಮಂಡ್ಯಕ್ಕೆ ಹೋದೆ. ತಂಗಿ ಕೈಯ ಮಸಿ ಒರೆಸಿಕೊಂಡು ನಿಂತೇ ಓದಿದಳು.

"ಬೆಲ್ಲ ನೋಡ್ದಾಗ್ಲೇ ಗೊತ್ತಾಯ್ತು. ನೀನೇ ಬಾಯಿ ಬುಡ್ತೀಯ ಅಂತ ಕಾಯ್ದೆ."

"ಎಷ್ಟೊತ್ತು ಕಾಯ್ದೆ?"

"ಗೇಟಲ್ಲಿ ಸೈನ್ ಆಕೋಗಂಟ."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅವಳು ಹಾಳೆಗಳನ್ನು ಮಡಿಸಿ ಡ್ರಾಯರಿಗೆ ಹಾಕಿ ಅವರ ಕಡೆ ತಿರುಗಿದಳು. ನಾನು ಸ್ವಲ್ಪ ಹೊತ್ತು ನಿಂತಿದ್ದು ಮದ್ದೂರಿನ ಬಸ್ಸು ಹತ್ತಿದೆ.

ಮೇಲಿನಿಂದ ಇನ್ನೂ ಉತ್ತರ ಬಂದಿಲ್ಲ. ನನ್ನನ್ನು ತೆಗೆದರೆ ಆ ದಿನ ನನ್ನ ಗುರುತಿನ ಕಾರ್ಡನ್ನು ನಾನೇ ಕೊಟ್ಟು, ನಾನೇ ತೆಗೆದುಕೊಂಡು, ನಾನೇ ಸೈನ್ ಹಾಕಬೇಕು. ನನ್ನ ಪಾಳಿಯಲ್ಲಿ ಗೇಟಿನಲ್ಲಿ ಇನ್ನೊಬ್ಬರಿಲ್ಲ.